ಹೆಸರು ಬರೀರಿ, ಮೇಷ್ಟ್ರೇ!

ಒಂದೂರಿನ ಹಾಲಿನ ಡೇರಿಯ ಮುಂದೆ ಒಂದು ಕಪ್ಪುಹಲಗೆ ಇತ್ತು. ನಿವೃತ್ತ ಮೇಷ್ಟ್ರು ಚಿಕ್ಕಮರೀಗೌಡರು ದಿನಾ ಬೆಳಿಗ್ಗೆ ಅದರ ಮೇಲೆ ಒಂದು ನುಡಿ ಬರೆಯುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಮಾತು ಅದಕ್ಕಿಂತ ಚೆಂದ. ಹಾಲು ಹಾಕಲು ಸಾಲಿನಲ್ಲಿ ನಿಂತವರು ಓದುತ್ತಿದ್ದರು, ತಲೆದೂಗುತ್ತಿದ್ದರು.

ಒಂದು ದಿನ ಮೇಷ್ಟ್ರು ಹೀಗೆ ಬರೆದರು: "ಅಂದಿನ ಹುಡುಗರು ಬೆವರು ಸುರಿಸಿದರು, ಇಂದಿನ ಹುಡುಗರು ಬೆರಳು ಸರಿಸಿದರು."

ಆಹಾ, ಏನು ಪ್ರಾಸ! ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿತು. ಮೇಷ್ಟ್ರಿಗೂ ಹುರುಪು ಬಂತು. ತಿಂಗಳಿಡೀ ಅದೇ ಧಾಟಿಯಲ್ಲಿ ಬರೆದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ಜನರಿಗೆ ಹುಡುಗರೆಲ್ಲ ಸೋಮಾರಿಗಳಾಗಿಯೇ ಕಂಡರು.

ಸಿಂಚನ ಎಂಬ ಹುಡುಗಿ ಹಾಲು ಪರೀಕ್ಷೆಯ ತರಬೇತಿ ಮುಗಿಸಿದ್ದಳು. ಡೇರಿಯಲ್ಲಿ ಆ ಕೆಲಸ ಖಾಲಿಯಾದಾಗ ಆಸೆಯಿಂದ ಅರ್ಜಿ ಹಾಕಿದಳು. ಅದೇ ವಾರ ಸಾಲಿನಲ್ಲಿ ತನ್ನ ಮುಂದೆ ನಿಂತಿದ್ದ ಕರೀಗೌಡನ ಕ್ಯಾನಿನೊಳಗೆ ಅವಳ ಕಣ್ಣು ಬಿತ್ತು. ಹಾಲು ಗಂಟುಗಂಟಾಗಿತ್ತು. ಹಸುವಿಗೆ ಕೆಚ್ಚಲು ಬಾವು ಎಂದು ತಿಳಿದವಳೇ ಪಶುವೈದ್ಯರ ನಂಬರು ಹುಡುಕಲು ಮೊಬೈಲು ತೆಗೆದಳು.

"ನೋಡ್ರಪ್ಪಾ, ಮೇಷ್ಟ್ರು ಬರ್ದಿರೋದು ದಿಟ. ಬೆರಳು ಸರಿಸ್ತಾವ್ಳೆ!" ಎಂದು ನಕ್ಕವನು ಬೇರಾರೂ ಅಲ್ಲ, ಅದೇ ಕರೀಗೌಡ. ಸಂಜೆ ಸಿಂಚನ ಕರೆಸಿದ ವೈದ್ಯರು ಅವನ ಕೊಟ್ಟಿಗೆಗೇ ಬಂದು ಹಸುವನ್ನು ಉಳಿಸಿದರು.

ಕೆಲಸ ಯಾರಿಗೆಂದು ತೀರ್ಮಾನಿಸಲು ಡೇರಿಯ ಮುಂದೆಯೇ ಸಭೆ ಸೇರಿತು. "ಈಗಿನ ಹುಡುಗರನ್ನ ನಂಬಿ ಡೇರಿ ಬಿಡಕ್ಕಾಗ್ತದಾ? ಬೋರ್ಡಲ್ಲೇ ಐತಲ್ಲ" ಎಂದರು ಹಲವರು. ಸಿಂಚನ ಎದ್ದು ನಿಂತಳು. ಸೀಮೆಸುಣ್ಣ ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟಳು.

"ಏಳನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ರಿ ಸಾರ್. ಹುಡುಗಿ ಅನ್ನೋದು ರೂಢನಾಮ, ಸಿಂಚನ ಅನ್ನೋದು ಅಂಕಿತನಾಮ. ಇವತ್ತು ರೂಢನಾಮ ಅಳಿಸಿ, ಅಂಕಿತನಾಮ ಬರೀರಿ. ಈ ಊರಲ್ಲಿ ಸೋಮಾರಿ ಯಾರು? ಹೆಸರು ಬರೀರಿ, ಮೇಷ್ಟ್ರೇ. ನನ್ನ ಹೆಸರೇ ಸರಿ ಅನ್ನಿಸಿದ್ರೆ ಅದನ್ನೇ ಬರೀರಿ."

ಮೇಷ್ಟ್ರು ಹಲಗೆಯ ಮುಂದೆ ನಿಂತು ಊರಿನ ಹುಡುಗರನ್ನು ಒಬ್ಬೊಬ್ಬರಾಗಿ ನೆನೆದರು. ನಂದೀಶ? ಅವನು ನಸುಕಿಗೇ ಎದ್ದು ಗದ್ದೆಗೆ ನೀರು ಕಟ್ಟಿ ಕಾಲೇಜಿಗೆ ಓಡುತ್ತಾನೆ. ಭವಾನಿ? ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವವಳು ಅವಳೇ. ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು.

ಮೇಷ್ಟ್ರು ದೊಡ್ಡ ಮನಸ್ಸಿನವರು. ತಿರುಗಿ ನಿಂತು ಹೇಳಿದರು, "ಯಾವ ಹೆಸರೂ ಕೂರ್ತಿಲ್ಲ ಕಣವ್ವ. ಪ್ರಾಸ ಕೂತಿತ್ತು, ಅಷ್ಟೇ. ತಪ್ಪು ನನ್ನದು."

ಕರೀಗೌಡ ತಲೆ ತಗ್ಗಿಸಿ ಎದ್ದ. "ನನ್ನ ಹಸಾ ಉಳಿಸಿದ್ದು ಈ ಮಗೀನೇ. ಕೆಲಸ ಇವಳಿಗೇ ಕೊಡಿ."

"ಒಪ್ಪೋರು ಕೈ ಎತ್ತಿ" ಎಂದರು ಅಧ್ಯಕ್ಷರು. ಮೊದಲು ಎದ್ದದ್ದು ಸುಣ್ಣ ಮೆತ್ತಿದ ಮೇಷ್ಟ್ರ ಕೈ. ಆಮೇಲೆ ಸಭೆಗೆ ಸಭೆಯೇ ಕೈ ಎತ್ತಿತು. ಶಿಳ್ಳೆ, ಚಪ್ಪಾಳೆ! ಮೇಷ್ಟ್ರು ಹಲಗೆಯನ್ನು ಪೂರ್ತಿ ಒರೆಸಿ ಹಲಗೆಯಗಲ ಒಂದೇ ಪದ ಬರೆದರು: ಸಿಂಚನ.

ನೀತಿ: ಚೆಂದವಾಗಿ ಬರೆದ ಮಾತೆಲ್ಲ ನಿಜವಲ್ಲ. "ಈಗಿನವರು ಹೀಗೆ" ಎಂದು ಯಾರಾದರೂ ಒಂದು ತಲೆಮಾರನ್ನೇ ಜರಿದರೆ, ತಲೆದೂಗುವ ಮೊದಲು "ಯಾರು?" ಎಂದು ಕೇಳಿ.