ಕೆಸೆಫ್ ಕಲ್ಲಿನ ಗೀರು

ಅಳಿವೆಕೇರಿಯಲ್ಲಿ ಹೊಳೆ ಕಡಲು ಸೇರುವ ಕಡೆ, ಹೊನ್ನೆ ಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕರಿಗಲ್ಲಿದೆ. ಅದರ ನೆತ್ತಿಯಲ್ಲಿ ಒಂದೇ ಒಂದು ಗೀರು. ಊರವರು ಅದನ್ನು ಕೆಸೆಫ್ ಕಲ್ಲು ಎನ್ನುತ್ತಾರೆ. ಮಾತು ನಮ್ಮದಲ್ಲ, ಯೆಹೂದ್ಯರ ಹೀಬ್ರೂ ನುಡಿಯದು. ಬೆಳ್ಳಿಗೂ ಹಣಕ್ಕೂ ಅವರಲ್ಲಿ ಅದೊಂದೇ ಹೆಸರು.

ಹಿಂದೆ ಒಮ್ಮೆ, ಈ ಅಳಿವೆಗೆ ಪರದೇಶದ ಹಾಯಿಹಡಗುಗಳು ಬರುತ್ತಿದ್ದ ಕಾಲದಲ್ಲಿ, ಈ ಕಲ್ಲಿನ ಮುಂದೆ ದುಗ್ಗಯ್ಯ ಆಚಾರಿ ಕೂರುತ್ತಿದ್ದನಂತೆ. ಬಂದವರ ಬೆಳ್ಳಿಯನ್ನು ಉಳಿಯಿಂದ ಕಡಿದು, ಒಳಗೆ ತಾಮ್ರವಿಲ್ಲವೆಂದು ನೋಡಿ, ತೂಗಿಕೊಡುವುದು ಅವನ ಕೆಲಸ. ಉಳಿ ತಾಗಿದ್ದು ಹಣ. ಆಮೇಲೆ ಅದು ಒಡವೆಯೂ ಅಲ್ಲ, ಪಾತ್ರೆಯೂ ಅಲ್ಲ. ಇದು ಬಂದರಿನ ಕಟ್ಟಳೆ. ನಲವತ್ತು ವರ್ಷದಲ್ಲಿ ಅವನ ಉಳಿ ಕಲ್ಲಿಗೆ ಒಮ್ಮೆಯೂ ತಾಗಿರಲಿಲ್ಲ. ಅಷ್ಟು ಹದದ ಕೈ. ಎಷ್ಟು ಕಾಲ್ಗಡಗ, ಎಷ್ಟು ದೀಪ ಕಡಿದಿದ್ದನೋ, ಲೆಕ್ಕವಿಡುವುದನ್ನೂ ಬಿಟ್ಟಿದ್ದ. ಕೈಗಿಂತ ಮೊದಲು ಅವನ ಮನಸ್ಸು ಸೋತಿತ್ತು.

ಒಂದು ವೈಶಾಖದ ಕೊನೆಗೆ ಮೆನಹೇಮನೆಂಬ ಯೆಹೂದ್ಯ ವರ್ತಕ ಬಂದು ನಿಂತ. ಅವನ ಸರಕೆಲ್ಲ ಬಿರುಗಾಳಿಗೆ ಕಡಲುಪಾಲಾಗಿತ್ತು. ಮಳೆ ಹಿಡಿಯುವ ಮೊದಲಿನ ಕೊನೆಯ ಹಡಗು ಹೊರಟು ನಿಂತಿತ್ತು. ಬೆಳ್ಳಿ ಕೊಡದೆ ಹತ್ತಿಸಿಕೊಳ್ಳುವವರಿಲ್ಲ. ಅವನು ಮಡಿಲಿನಿಂದ ಒಂದು ಬೆಳ್ಳಿ ಬಟ್ಟಲು ತೆಗೆದು ಕಲ್ಲಿನ ಮೇಲಿಟ್ಟ.

“ಬೆಳ್ಳಿಗೆ ನಿಮ್ಮಲ್ಲಿ ಏನಂತಾರೆ, ಸಾಹುಕಾರ್ರೇ?” ದುಗ್ಗಯ್ಯ ಕೇಳಿದ.

“ಕೆಸೆಫ್.”

“ಹಣಕ್ಕೆ?”

“ಅದಕ್ಕೂ ಕೆಸೆಫೇ.”

“ಹಾಗಾದ್ರೆ ಬೆಳ್ಳೀನ ಹಣ ಮಾಡೋ ನನ್ನ ಕೆಲಸ ನಿಮ್ಮ ಹಿರೀಕರೇ ಮುಗಿಸಿಟ್ಟಿದ್ದಾರೆ ಬಿಡಿ” ಎಂದು ದುಗ್ಗಯ್ಯ ಉಳಿ ಎತ್ತಿದ. ವರ್ತಕ ನಗಲಿಲ್ಲ. ಮುಖ ಅತ್ತ ತಿರುಗಿಸಿ, “ಶುಕ್ರವಾರ ಸಂಜೆ ನಮ್ಮಪ್ಪ ಇದನ್ನು ಹಿಡಿದೇ ದೇವರನ್ನು ನೆನೀತಿದ್ರು. ಬೇಗ ಕಡಿ, ಆಚಾರಿ” ಎಂದ.

ಉಳಿ ಬಿತ್ತು. ಬಟ್ಟಲಿನ ಮೇಲಲ್ಲ, ಪಕ್ಕದಲ್ಲಿ, ಬರಿಗಲ್ಲಿನ ಮೇಲೆ. ಪಕ್ಕದಲ್ಲಿ ನಿಂತಿದ್ದ ಸುಂಕದ ಹೆಗ್ಗಡೆ ಗಹಗಹಿಸಿ, “ಏನಯ್ಯಾ, ಕೈ ತಪ್ಪಿತೋ?” ಎಂದ. ದುಗ್ಗಯ್ಯ ತನ್ನ ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ, ಕಡಿದು, ವರ್ತಕನ ಹಡಗಿನ ಕೂಲಿಗೆಂದು ತಕ್ಕಡಿಗೆ ಹಾಕಿದ. ಸುತ್ತಲಿನವರು ಹೌಹಾರಿದರು. ಗಂಡಸಿನ ಸೊಂಟದಿಂದ ಉಡಿದಾರ ಇಳಿಯುವುದು ಅವನು ಹೆಣವಾದ ಮೇಲೆ.

“ನಾನು ಸತ್ತು ಎಷ್ಟೋ ಕಾಲ ಆಯ್ತು, ಹೆಗ್ಡೇರೆ. ಇವತ್ತು ಬಿಚ್ಚಿದೆ, ಅಷ್ಟೆ.”

ವರ್ತಕ ಬಟ್ಟಲಿನೊಂದಿಗೆ ಹಡಗು ಹತ್ತಿದ. ದುಗ್ಗಯ್ಯ ಮತ್ತೆ ಉಳಿ ಹಿಡಿಯಲಿಲ್ಲ. “ಏನು ಕೆಸೆಫಜ್ಜಾ, ಸೊಂಟ ಹಗುರವೋ?” ಎಂದು ಕೇರಿಯವರು ಹಂಗಿಸಿದರೆ, “ಹಗುರ ಮಾರಾಯಾ” ಎನ್ನುತ್ತಿದ್ದನಂತೆ. ಅಣಕದ ಹೆಸರೇ ಅವನ ಕಲ್ಲಿಗೆ ನಿಂತಿತು.

ಇಂದಿಗೂ ಕೂಸಿಗೆ ಮೊದಲ ಉಡಿದಾರ ಕಟ್ಟುವ ಮುನ್ನ ಅಳಿವೆಕೇರಿಯವರು ಅದನ್ನು ಆ ಗೀರಿನಲ್ಲಿ ಒಂದು ಗಳಿಗೆ ಮಲಗಿಸುತ್ತಾರೆ. ಆಗ ಕೂದಲೆಳೆಯಷ್ಟಿದ್ದ ಗುರುತು ಈಗ ಸವೆದು ಅಗಲವಾಗಿ, ನುಣುಪಾಗಿದೆ. ಉಡಿದಾರ ಅದರಲ್ಲಿ ಸರಿಯಾಗಿ ಕೂರುತ್ತದೆ.