ಅತ್ತೆ ಹೇಳಿದ ಮೂರು ಕತೆ

ಶಿಷ್ಯ ಕೇಳಿದ: "ಗುರುಗಳೇ, ಒಂದು ಕತೆಯಲ್ಲಿ ನರಿ ಇದೆ, ಇನ್ನೊಂದರಲ್ಲಿ ಕುಂಬಾರ ಇದ್ದಾನೆ. ಊರು ಬೇರೆ, ಕಾಲ ಬೇರೆ, ಕೊನೆಯೂ ಬೇರೆ. ಆದರೂ ನಿನ್ನೆ ನೀವು ಎರಡೂ ಒಂದೇ ಕತೆ ಅಂದಿರಿ. ಅದನ್ನು ತಿಳಿಯುವುದು ಹೇಗೆ?"

ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಗುರುಗಳು ಹೇಳಿದ ಕತೆಗಳನ್ನೆಲ್ಲ ಬರೆದುಕೊಂಡು, ಪ್ರಾಣಿಗಳದ್ದು ಒಂದು ಕಡೆ, ರಾಜರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ ಎಂದು ವಿಂಗಡಿಸಿ ಇಟ್ಟಿದ್ದ. ಗುರುಗಳು ಅದನ್ನು ನೋಡಿ ನಕ್ಕರು. ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತ. ಮನೆಯಲ್ಲಿ ಅವನ ತಾಯಿ, ಅವನ ಹೆಂಡತಿ. ಹೆಂಡತಿ ಆ ಮನೆ ತುಂಬಿ ವರ್ಷವಾಗಿತ್ತು. ಒಳ್ಳೆಯ ಹೆಣ್ಣು. ಅತ್ತೆಗೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ಪಡೆದರೆ ಇಂಥ ಸೊಸೆಯನ್ನು ಪಡೆಯಬೇಕು ಎಂದು ಕೇರಿಯ ಹೆಂಗಸರು ತಮ್ಮ ಸೊಸೆಯಂದಿರಿಗೆ ಕೇಳಿಸುವ ಹಾಗೆ ಮಾತಾಡಿಕೊಳ್ಳುತ್ತಿದ್ದರು.

ಅಂಥ ಮನೆಯಲ್ಲಿ ಅತ್ತೆ ಊಟ ಬಿಡುತ್ತಾ ಬಂದಳು. ಮೊದಲು ಒಂದು ಮುದ್ದೆ ಅರ್ಧವಾಯಿತು. ಆಮೇಲೆ ಅರ್ಧವೂ ತಟ್ಟೆಯಲ್ಲೇ ಉಳಿಯತೊಡಗಿತು. ಕೈಯ ಕಡಗ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ವೈದ್ಯ ಬಂದು ನಾಡಿ ಹಿಡಿದ. ರೋಗವೇನೂ ಇಲ್ಲ, ಆದರೆ ಹೀಗೇ ಆದರೆ ಈ ಜೀವ ಸುಗ್ಗಿ ಕಾಣುವುದಿಲ್ಲ ಎಂದು ಹೇಳಿ ಹೋದ.

ಸೊಸೆಗೆ ಎದೆ ಒಡೆದುಹೋಯಿತು. ಅತ್ತೆಯ ಕಾಲ ಬಳಿ ಕೂತು, ನಿಮಗೆ ಏನಾಗಿದೆ, ಏನು ಬೇಕು ಎಂದು ಕೇಳಿದಳು. ಅತ್ತೆ, ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ, ಎಂದಳು. ಆಮೇಲೆ, ಒಂದು ಕತೆ ಹೇಳಲಾ ಎಂದು ಕೇಳಿದಳು.

ಒಬ್ಬ ಗಾಣಿಗನ ಹತ್ತಿರ ಒಂದು ಎತ್ತಿತ್ತಂತೆ. ಹದಿನೈದು ವರ್ಷ ಗಾಣ ಸುತ್ತಿತ್ತು. ಗಾಣಿಗ ಅದರ ನೊಗ ಇಳಿಸಿ, ತಂಪಾದ ಕೊಟ್ಟಿಗೆಯಲ್ಲಿ ಕಟ್ಟಿ, ಮೂರು ಹೊತ್ತೂ ಹಿಂಡಿ, ಬೂಸಾ ಇಟ್ಟನಂತೆ. ಎತ್ತು ಮೂಸಲೂ ಇಲ್ಲ. ಕಟ್ಟಿದ ಗೂಟವನ್ನೇ ಸುತ್ತಿ ಸುತ್ತಿ ಒಂದು ದಿನ ಬಿದ್ದುಹೋಯಿತಂತೆ.

ಸೊಸೆ ಕಿವಿಗೊಟ್ಟು ಕೇಳಿದಳು. ಮೇವಿನ ಕತೆ ಹೇಳಿದರಲ್ಲ, ಮುದ್ದೆ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದೆ ಎಂದು ತಿಳಿದಳು. ಮಾರನೆಯ ದಿನದಿಂದ ಬಿಳಿ ಅನ್ನ, ತುಪ್ಪ, ಗಸಗಸೆ ಪಾಯಸ. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ವಾರ ಕಳೆದ ಮೇಲೆ ಸೊಸೆ ಮತ್ತೆ ಕೇಳಿದಳು. ಅತ್ತೆ ಮತ್ತೆ ಕತೆಗೇ ಇಳಿದಳು.

ಒಂದು ಹೊಳೆಗೆ ಒಬ್ಬ ಅಂಬಿಗ ಇದ್ದನಂತೆ. ರಾಜ ಅಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದ. ಅಂಬಿಗನನ್ನು ಕರೆಸಿ ಶಾಲು ಹೊದಿಸಿ, ಹೊಳೆಯ ದಂಡೆಯಲ್ಲೇ ಮನೆ ಕೊಟ್ಟ. ಅಂಬಿಗ ಒಂದು ತಿಂಗಳು ಜಗಲಿಯಲ್ಲಿ ಕೂತು ಸೇತುವೆ ಮೇಲೆ ಓಡಾಡುವವರನ್ನು ನೋಡಿದ. ಆಮೇಲೆ ಹರಿಗೋಲನ್ನು ಬೋರಲು ಹಾಕಿ, ಯಾರಿಗೂ ಹೇಳದೆ ಊರು ಬಿಟ್ಟು ಹೋದನಂತೆ.

ಊರು ಬಿಟ್ಟು ಹೋಗುವ ಮಾತು ಬಂತಲ್ಲ, ಅತ್ತೆಗೆ ತವರಿನ ಮೇಲೆ ಮನಸ್ಸಾಗಿದೆ ಎಂದುಕೊಂಡಳು ಸೊಸೆ. ಗಂಡನಿಗೆ ಹೇಳಿ ಗಾಡಿ ಕಟ್ಟಿಸಿದಳು. ಅತ್ತೆ ತಮ್ಮನ ಮನೆಗೆ ಹೋಗಿ ಎಂಟು ದಿನಕ್ಕೆ ಹಿಂದಿರುಗಿದಳು. ಅಲ್ಲಿಯೂ ಆಕೆಯನ್ನು ಚಾಪೆಯ ಮೇಲಿಂದ ಏಳಗೊಡದೆ ನೋಡಿಕೊಂಡಿದ್ದರು. ಹೋಗುವಾಗ ತಾನೇ ಗಾಡಿ ಹತ್ತಿದವಳನ್ನು ಬರುವಾಗ ಮಗ ಕೈಹಿಡಿದು ಇಳಿಸಬೇಕಾಯಿತು.

ಮೂರನೆಯ ಸಲ ಅತ್ತೆ ಒಂದು ಬಾವಿಯ ಕತೆ ಹೇಳಿದಳು. ಊರಿಗೆಲ್ಲ ನೀರು ಕೊಟ್ಟ ಹಳೆಯ ಬಾವಿ. ಹೊಸ ಬಾವಿ ತೋಡಿದ ಮೇಲೆ ಊರವರು ಹಳೆಯದರ ಬಾಯಿಗೆ ಚಪ್ಪಡಿ ಮುಚ್ಚಿ, ಅರಿಶಿನ ಕುಂಕುಮ ಇಟ್ಟು, ಶುಕ್ರವಾರಕ್ಕೊಂದು ಪೂಜೆ ಮಾಡುತ್ತಿದ್ದರಂತೆ. ಕೊಡ ಮಾತ್ರ ಯಾರೂ ಇಳಿಸಲಿಲ್ಲ. ಒಂದು ದಿನ ಚಪ್ಪಡಿ ಸರಿಸಿ ನೋಡಿದರೆ ನೀರು ಕೊಳೆತು ನಾರುತ್ತಿತ್ತಂತೆ.

ಪೂಜೆ ಎಂದರಲ್ಲ, ಯಾವುದೋ ಹರಕೆ ಉಳಿದಿರಬೇಕು ಎಂದು ಸೊಸೆ ಹೆದರಿದಳು. ಮನೆದೇವರಿಗೆ ಮುಡಿಪು ಕಟ್ಟಿ, ದಿನವೂ ಬೆಳಿಗ್ಗೆ ಅತ್ತೆಯ ಪಾದ ತೊಳೆದು ನಮಸ್ಕರಿಸತೊಡಗಿದಳು. ಅತ್ತೆ ಬೇಡ ಎನ್ನಲಿಲ್ಲ. ಆದರೆ ಅಂದಿನಿಂದ ಕುಡಿಯುತ್ತಿದ್ದ ಗುಟುಕು ಅಂಬಲಿಯನ್ನೂ ಬಿಟ್ಟಳು. ಕತೆ ಹೇಳುವುದನ್ನೂ ಬಿಟ್ಟಳು.

ಈಗ ಸೊಸೆಗೆ ದಿಕ್ಕು ತೋಚಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ತನ್ನ ಪಾಡಿಗೆ ಕೇರುತ್ತಿತ್ತು, ಮನಸ್ಸು ಆ ಮೂರು ಕತೆಯ ಸುತ್ತ ತಿರುಗುತ್ತಿತ್ತು. ಇಷ್ಟು ದಿನ ಅವಳು ಒಂದೊಂದು ಕತೆಯನ್ನು ಒಂದೊಂದಾಗಿ ಹಿಡಿದು, ಅದರೊಳಗಿನ ಒಂದು ವಸ್ತುವಿನ ಬೆನ್ನು ಹತ್ತಿದ್ದಳು. ಇವತ್ತು ಮೂರನ್ನೂ ಒಟ್ಟಿಗೆ ಮೊರಕ್ಕೆ ಹಾಕಿದರೆ ಏನಾಗುತ್ತದೆ ಎಂಬ ಕುತೂಹಲ ಹುಟ್ಟಿತು.

ಹಿಂಡಿ, ಬೂಸಾ ಎತ್ತಿನ ಕತೆಯಲ್ಲಿದೆ, ಅಂಬಿಗನ ಕತೆಯಲ್ಲಿಲ್ಲ. ಅದು ಹಾರಿತು. ಊರು ಬಿಡುವುದು ಅಂಬಿಗನಿಗಿದೆ, ಬಾವಿ ಎಲ್ಲಿಗೆ ಹೋದೀತು? ಅದೂ ಹಾರಿತು. ಪೂಜೆ ಬಾವಿಗೆ ಮಾತ್ರ. ಹಾರಿತು. ಒಂದು ಬಿತ್ತು, ಒಬ್ಬ ಹೋದ, ಒಂದು ಕೊಳೆಯಿತು, ಕೊನೆಗಳೂ ಹಾರಿದವು. ಹಾಗಾದರೆ ಇವರನ್ನೆಲ್ಲ ಕೆಡಿಸಿದವರು ಯಾರು ಎಂದು ಹುಡುಕಿದಳು. ಗಾಣಿಗ ಕೆಟ್ಟವನಲ್ಲ. ರಾಜ ಕೆಟ್ಟವನಲ್ಲ. ಊರವರೂ ಕೆಟ್ಟವರಲ್ಲ. ಮೂರು ಕತೆಯಲ್ಲಿ ಹುಡುಕಿದರೂ ಒಬ್ಬ ಕೆಟ್ಟ ಮನುಷ್ಯ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಮಾತು. ಗಾಣಿಗ ಎತ್ತಿಗೆ ಹೇಳಿದ್ದೂ ಅದೇ, ರಾಜ ಅಂಬಿಗನಿಗೆ ಹೇಳಿದ್ದೂ ಅದೇ, ಊರು ಬಾವಿಗೆ ಹೇಳಿದ್ದೂ ಅದೇ: ಇನ್ನು ನಿನಗೇಕೆ ಶ್ರಮ, ನೀನು ಸುಮ್ಮನಿರು.

ಸೊಸೆಯ ಕೈಯಲ್ಲಿ ಮೊರ ನಿಂತಿತು. ಆ ಮಾತು ಅವಳಿಗೆ ಬಹಳ ಪರಿಚಯದ್ದು. ಮನೆಗೆ ಬಂದ ಎರಡನೆಯ ದಿನ ಅತ್ತೆಯ ಕೈಯಿಂದ ಪೊರಕೆ ಇಸಿದುಕೊಳ್ಳುವಾಗ ಅವಳೇ ಆಡಿದ್ದಳು. ಆಮೇಲೆ ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಬೀಸುವ ಕಲ್ಲಿನ ಹತ್ತಿರ, ದಿನಕ್ಕೆ ಹತ್ತು ಸಲ ಆಡುತ್ತಿದ್ದಳು.

ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಿಟ್ಟು ಕುದಿಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳ ಮುದ್ದೆ ಯಾವತ್ತೂ ನುಣ್ಣಗೆ ಬಂದದ್ದಿಲ್ಲ. ಗಂಡ ವರ್ಷದಿಂದ ಗಂಟುಗಳನ್ನು ತಟ್ಟೆಯಂಚಿಗೆ ಸರಿಸಿ ಮಾತಿಲ್ಲದೆ ಉಣ್ಣುತ್ತಿದ್ದ. ಅತ್ತೆಯನ್ನು ಕೇಳಲು ಅವಳಿಗೆ ಮಾನ ಅಡ್ಡ ಬರುತ್ತಿತ್ತು. ಈಗ ಬಾಗಿಲಿಗೆ ಬಂದು ಕರೆದಳು: "ಅತ್ತೆ, ಹಿಟ್ಟು ಗಂಟಾಗ್ತಾ ಇದೆ. ನನ್ನ ಕೈಲಿ ಆಗೋದಿಲ್ಲ, ನೀವೇ ಬನ್ನಿ."

ಒಳಗಿನಿಂದ ಚಾಪೆ ಸರಿದ ಸದ್ದು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಮಡಕೆಯೊಳಗೆ ಇಣುಕಿದಳು.

"ಇದೇನೇ ಇದು, ಹಿಟ್ಟೋ ಹೊಳೆಯ ಕಲ್ಲೋ? ಕೋಲು ಹಿಡಿಯೋದು ಕಲಿಸದೇ ಕಳಿಸಿಬಿಟ್ಟಳಾ ನಿಮ್ಮವ್ವ? ಸರಿ ಆ ಕಡೆಗೆ."

ಕೋಲು ಕಿತ್ತುಕೊಂಡಳು. ಮಡಕೆಯನ್ನು ಅದುಮಿ ಹಿಡಿಯಲು ಸೊಸೆಗೆ ಹೇಳಿ, ಅವಳ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತಾ ತೊಳಸಿದಳು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು, ಕೋಲು ಮಾತ್ರ ಬಿಡಲಿಲ್ಲ. ಆ ಮಧ್ಯಾಹ್ನ ಅತ್ತೆ ಒಂದು ಮುದ್ದೆ ಪೂರ್ತಿ ಉಂಡಳು. ಸಾರಿಗೆ ಉಪ್ಪು ಕಡಿಮೆ ಎಂದು ಅದಕ್ಕೂ ಬೈದಳು. ಸುಗ್ಗಿ ಬಂದಾಗ ಕಣದಲ್ಲಿ ನಿಂತು ಮಗನಿಗೂ ಬೈಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಬಹಳ ಸಂತೋಷವಾಯಿತು. ಕತೆಗಳನ್ನು ಕೇರುವ ಬಗೆ ತಿಳಿಯಿತು ಎಂದ. ಆದರೆ ಒಂದು ವಿಷಯ ಅವನಿಗೆ ಬಗೆಹರಿಯಲಿಲ್ಲ. ಅಷ್ಟು ಸಣ್ಣ ಮಾತಿಗೆ ಆ ಮುದುಕಿ ಮೂರು ಕತೆ ಯಾಕೆ ಕಟ್ಟಬೇಕಿತ್ತು, ನನಗೆ ಇದು ಬೇಕು ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿದರು.

"ಏಳು ವರ್ಷದಿಂದ ನಾನೂ ನಿನಗೆ ಕತೆಯನ್ನೇ ಹೇಳುತ್ತಿದ್ದೇನಲ್ಲಪ್ಪಾ. ಒಮ್ಮೆಯಾದರೂ ಅವನ್ನೆಲ್ಲ ಒಟ್ಟಿಗೆ ಮೊರಕ್ಕೆ ಹಾಕಿದೆಯಾ?"