ತೊಡೆ ತಟ್ಟಿದ ಹಾಲಿನವನು

“ಉಸ್ತಾದರೇ, ಮಟ್ಟಿಯ ಮಣ್ಣಿಗೆ ಇಳಿಯುವ ಹೊತ್ತಿಗೆ ನನ್ನ ಕಾಲು ನಡುಗುತ್ತದೆ. ಈ ನಡುಕ ಪೂರ್ತಿ ಹೋಗುವವರೆಗೆ ಕುಸ್ತಿ ಹಿಡಿಯುವುದು ಬೇಡ ಎಂದುಕೊಂಡಿದ್ದೇನೆ. ಭಾನುವಾರದ ಜೋಡಿಯಿಂದ ನನ್ನ ಹೆಸರು ತೆಗೆಸಿಬಿಡಲೇ?” ಎಂದು ಕೆಂಡಗಣ್ಣ ಕೇಳಿದ.

ಉಸ್ತಾದರು ಗರಡಿಯ ಮಣ್ಣು ಹದವಾಗಲೆಂದು ಮಜ್ಜಿಗೆ ಚಿಮುಕಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಪೂರ್ತಿ ಹೋಗಲು ಎಷ್ಟು ದಿನ ಬೇಕಾದೀತು?”

“ಗೊತ್ತಿಲ್ಲ, ಉಸ್ತಾದರೇ. ಧ್ಯಾನ ಶುರು ಮಾಡಿದ್ದೇನೆ.”

“ಎಂದಿನಿಂದ?”

“ನಿನ್ನೆಯಿಂದ.”

“ಹಾಗಾದರೆ ಇನ್ನೂ ತಡವಿದೆ. ಕೂತುಕೋ,” ಎಂದು ಉಸ್ತಾದರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಾಲು ಮಾರುವವನೊಬ್ಬನಿದ್ದ. ನಾಲ್ಕು ಎಮ್ಮೆ ಸಾಕಿದ್ದ. ಬೆಳಗ್ಗೆ ಮನೆಮನೆಗೆ ಹಾಲು ಹಾಕಿ ಬಂದು ಗರಡಿಯಲ್ಲಿ ಸಾಮು ಮಾಡುತ್ತಿದ್ದ. ಪಟ್ಟುಗಳೆಲ್ಲ ಚೆನ್ನಾಗಿ ಬರುತ್ತಿದ್ದವು. ತೊಂದರೆ ಒಂದೇ. ಎದುರಿಗೆ ಹೊರಗಿನ ಪೈಲ್ವಾನ ನಿಂತರೆ ಅವನ ಬಲತೊಡೆ ತಾನಾಗಿ ನಡುಗುತ್ತಿತ್ತು.

ಅದು ಯಾರಿಗೂ ಕಾಣದಿರಲಿ ಎಂದು ಅವನೊಂದು ಉಪಾಯ ಕಂಡುಕೊಂಡಿದ್ದ. ನಡುಕ ಶುರುವಾದ ಕೂಡಲೇ ಅಂಗೈ ಅಗಲಿಸಿ ತೊಡೆಯ ಮೇಲೆ ಬಡಿಯುತ್ತಿದ್ದ. ತೊಡೆ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಸದ್ದೂ ಚೆನ್ನಾಗಿ ಬರುತ್ತಿತ್ತು. ನೋಡಿದವರು, ಇವನಿಗೆ ಬಲು ಧೈರ್ಯ ಎಂದುಕೊಳ್ಳುತ್ತಿದ್ದರು. ಇವನು ತಿದ್ದಲು ಹೋಗಲಿಲ್ಲ.

ಊರಿನ ದೊಡ್ಡ ಕುಸ್ತಿಯಲ್ಲಿ ಅವನ ಗರಡಿ ಸತತ ಮೂರು ವರ್ಷ ಸೋತಿತ್ತು. ನಾಲ್ಕನೆಯ ಸಲವೂ ಸೋತ ಗರಡಿಯನ್ನು ಮುಂದೆ ಕರೆಯುವುದಿಲ್ಲ ಎಂಬುದು ಕುಸ್ತಿ ನಡೆಸುವ ಹಿರಿಯರ ನಿಯಮ. ಆ ವರ್ಷ ಗರಡಿಯವರು ಕಳಿಸಿದ್ದು ಹಾಲಿನವನೊಬ್ಬನನ್ನೇ. ಗೆಲ್ಲಲೇಬೇಕೆಂದೇನೂ ಇರಲಿಲ್ಲ. ಇಪ್ಪತ್ತು ನಿಮಿಷ ಬೆನ್ನು ಮಣ್ಣಿಗೆ ತಾಗದಂತೆ ನೋಡಿಕೊಂಡರೆ ಸಮ ಎಂದು ಬಿಡುತ್ತಾರೆ. ಗರಡಿಯ ಹೆಸರು ಉಳಿಯುತ್ತದೆ. ಅವನ ತೂಕದವನೇ ಸಿಕ್ಕರೆ ಅದು ಆಗದ ಕೆಲಸವೇನಲ್ಲ.

ಕುಸ್ತಿಗೆ ಎಂಟು ದಿನ ಮೊದಲು ಜೋಡಿ ಕಟ್ಟುತ್ತಾರೆ. ಎಲ್ಲ ಗರಡಿಗಳ ಪೈಲ್ವಾನರು ಒಂದು ಮೈದಾನದಲ್ಲಿ ಸೇರುತ್ತಾರೆ. ಹಿರಿಯರು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಕುತ್ತಿಗೆ, ತೋಳು, ವಯಸ್ಸು ನೋಡಿ, ಸರಿ ಕಂಡರೆ ಕೈಗೆ ಕೈ ಕೂಡಿಸುತ್ತಾರೆ. ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಆದರೆ ಒಬ್ಬ ಪೈಲ್ವಾನ ಇನ್ನೊಬ್ಬನ ಎದುರು ತೊಡೆ ತಟ್ಟಿದರೆ ಅದು ಸವಾಲು. ಆಗ ಹಿರಿಯರು ಯೋಚಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ.

ಹಾಲಿನವನು ಸಾಲಿನಲ್ಲಿ ನಿಂತಿದ್ದ. ಆ ಸೀಮೆಗೇ ದೊಡ್ಡ ಪೈಲ್ವಾನನೊಬ್ಬ ನೀರು ಕುಡಿಯಲೆಂದು ಅವನ ಮುಂದೆ ಹಾದುಹೋದ. ಹಾದುಹೋದ ಅಷ್ಟೇ. ಹಾಲಿನವನ ತೊಡೆ ನಡುಗತೊಡಗಿತು. ಹಿಂದೆ ಅವನ ಗರಡಿಯವರು ನಿಂತಿದ್ದರು. ಅವರಿಗೆ ಕಂಡೀತೆಂದು ಅವನು ತೊಡೆಯ ಮೇಲೆ ಒಂದು ಬಡಿದ.

ದೊಡ್ಡ ಪೈಲ್ವಾನ ನಿಂತ. ತಿರುಗಿ ನೋಡಿದ.

“ಏನಪ್ಪಾ, ಮನೆಯಲ್ಲಿ ಹೇಳಿ ಬಂದಿದ್ದೀಯಾ?”

ಹಾಲಿನವನಿಗೆ ಬೇರೇನೂ ತೋಚಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ. “ಹೇಳಿ ಬಂದಿದ್ದೇನೆ.”

ಜನ ಹೋ ಎಂದರು. ಹಿರಿಯರು ಓಡಿಬಂದು ಇಬ್ಬರ ಕೈ ಕೂಡಿಸಿದರು. ಹಾಲಿನವನ ಗರಡಿಯವರು ಬಾಯಿ ತೆರೆದವರು ಮುಚ್ಚಲಿಲ್ಲ.

ಅಂದಿನಿಂದ ಅವನು ಊರಿಗೇ ಹೆಸರಾದ. ಬೇರೆಯವರ ಹತ್ತಿರ ಹಾಲು ಕೊಳ್ಳುತ್ತಿದ್ದವರು ಇವನ ಹತ್ತಿರ ಕೊಳ್ಳತೊಡಗಿದರು. ಪಾತ್ರೆ ಹಿಡಿದು ಬಂದವರು ಹಾಲು ನೋಡುತ್ತಿರಲಿಲ್ಲ, ಅವನ ಕುತ್ತಿಗೆ ನೋಡುತ್ತಿದ್ದರು. ಇನ್ನು ಎಷ್ಟು ದಿನ ಅದು ನೆಟ್ಟಗಿರುತ್ತದೆ ಎಂಬ ಕುತೂಹಲ.

ಹಾಲಿನವನು ನಡುಕಕ್ಕೆ ಮದ್ದು ಹುಡುಕಿ ಹೊರಟ. ಊರಾಚೆ ಒಬ್ಬ ಸನ್ಯಾಸಿ ಇದ್ದ. ಅವನ ಬಳಿ ಹೋಗಿ ಅಡ್ಡಬಿದ್ದ.

“ನಡುಗುವುದು ದೇಹ. ನೀನು ದೇಹವಲ್ಲ,” ಎಂದ ಸನ್ಯಾಸಿ.

ಹಾಲಿನವನಿಗೆ ಇದು ಹಿಡಿಸಿತು. ಮನೆಗೆ ಬರುವ ದಾರಿಯಲ್ಲಿ ಅರ್ಧದಷ್ಟು ಸಮಾಧಾನವೂ ಆಯಿತು. ಆಮೇಲೆ, ದೊಡ್ಡ ಪೈಲ್ವಾನ ಎತ್ತಿ ಒಗೆಯುವುದೂ ದೇಹವನ್ನೇ ಎಂಬುದು ಹೊಳೆಯಿತು. ಸನ್ಯಾಸಿ ಎಂದೂ ಕುಸ್ತಿ ಹಿಡಿದವನಲ್ಲ ಎಂಬುದೂ ಹೊಳೆಯಿತು.

ಉಳಿದ ದಿನಗಳಲ್ಲಿ ಅವನು ಕಣ್ಣು ಮುಚ್ಚಿ ಕೂತು ಉಸಿರು ಎಣಿಸಿದ. ಎಣಿಸುವಾಗ ಎಲ್ಲವೂ ಸರಿಯಿರುತ್ತಿತ್ತು. ದೊಡ್ಡ ಪೈಲ್ವಾನನ ಹೆಸರು ಕಿವಿಗೆ ಬಿದ್ದರೆ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಹೆಂಡತಿಯ ಮುಂದೆ ಹೇಳಿಕೊಂಡ.

“ನನಗೆ ಭಯವಾಗುತ್ತಿದೆ ಕಣೇ.”

“ಅವನು ನಿಮ್ಮ ಎರಡರಷ್ಟಿದ್ದಾನೆ. ಭಯವಾಗದೆ ಖುಷಿಯಾಗುತ್ತದೆಯೇ? ಊಟಕ್ಕೆ ಏಳಿ, ಮುದ್ದೆ ಆರುತ್ತಿದೆ,” ಎಂದಳು ಅವಳು.

ಇದನ್ನು ಅವನು ಉಪದೇಶವೆಂದು ಎಣಿಸಲಿಲ್ಲ.

ಕುಸ್ತಿಯ ದಿನ ಬಂತು. ಹೋಗದಿದ್ದರೆ ಗರಡಿ ಸೋತಂತೆ, ಹೋದ. ಮಟ್ಟಿಯ ಅಂಚಿನಲ್ಲಿ ನಿಂತ. ತೊಡೆ ನಡುಗಿತು. ಬಡಿದ. ಮತ್ತೆ ನಡುಗಿತು. ಮತ್ತೆ ಬಡಿದ. ಆರೇಳು ಸಲ ಬಡಿದ ಮೇಲೆ ತೊಡೆ ಕೆಂಪಾಯಿತು, ನಡುಕ ಹಾಗೇ ಉಳಿಯಿತು. ಜನರಿಗೆ ಗುಟ್ಟು ತಿಳಿದುಹೋಯಿತು.

“ಲೋ, ಹಾಲಿಗೆ ನೀರು ಬೆರೆಸೋವಾಗ ನಡುಗಲ್ಲ, ಈಗ್ಯಾಕೋ ನಡುಗ್ತೀಯಾ?” ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು. ಅವನ ಗರಡಿಯವರೂ ನಕ್ಕರು.

ಇಬ್ಬರೂ ಮಟ್ಟಿಗಿಳಿದು ಕೈ ಕೊಟ್ಟುಕೊಂಡರು. ಆಗ ಹಾಲಿನವನಿಗೆ ಒಂದು ವಿಷಯ ತಿಳಿಯಿತು. ದೊಡ್ಡ ಪೈಲ್ವಾನನ ಅಂಗೈ ಬೆವರಿನಿಂದ ತೊಯ್ದುಹೋಗಿತ್ತು.

ಇವನಿಗೂ ಭಯ!

ಹಾಲಿನವನ ಎದೆ ಹಗುರಾಯಿತು. ತೊಡೆ ಕಲ್ಲುಕಂಬದಂತೆ ನಿಂತಿತು. ಹುಟ್ಟಿದಂದಿನಿಂದ ಅಂಥ ಧೈರ್ಯ ಅವನು ಕಂಡಿರಲಿಲ್ಲ. ಮುಖದಲ್ಲಿ ನಗು ಬಂತು. ತನ್ನ ಎಮ್ಮೆಯ ಹಗ್ಗಕ್ಕೆ ಕೈ ಹಾಕುವವನಂತೆ ನೇರವಾಗಿ ಹೋಗಿ ದೊಡ್ಡ ಪೈಲ್ವಾನನ ಕುತ್ತಿಗೆಗೆ ಕೈ ಹಾಕಿದ.

ಮರುಗಳಿಗೆ ಅವನಿಗೆ ಆಕಾಶ ಕಾಣಿಸಿತು.

ಮೇಲಿನಿಂದ ಬೀಳುವಾಗ ಅವನ ಮೈ ತಾನಾಗಿ ಹೊರಳಿತು. ಹತ್ತು ವರ್ಷ ಗರಡಿಯಲ್ಲಿ ಬಿದ್ದು ಕಲಿತ ಹೊರಳು ಅದು. ಧೈರ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಬೆನ್ನಿನ ಬದಲು ಹೊಟ್ಟೆಯ ಮೇಲೆ ಬಿದ್ದ. ಬಾಯಿ ತುಂಬ ಮಣ್ಣು. ಹೋಗಿದ್ದ ಭಯ ಪೂರ್ತಿಯಾಗಿ ವಾಪಸು ಬಂತು.

ಬಂದದ್ದು ಒಳ್ಳೆಯದೇ ಆಯಿತು. ಈಗ ಅವನಿಗೆ ಎಲ್ಲವೂ ಗೊತ್ತಾಗತೊಡಗಿತು. ದೊಡ್ಡ ಪೈಲ್ವಾನ ಯಾವ ಮಂಡಿಯ ಮೇಲೆ ಭಾರ ಹಾಕುತ್ತಾನೆ, ಯಾವ ಕೈ ಕಂಕುಳ ಕಡೆ ಬರುತ್ತಿದೆ, ಯಾವಾಗ ಉಸಿರು ಬಿಡುತ್ತಾನೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಎದೆಯನ್ನು ಮಣ್ಣಿಗೆ ಅಂಟಿಸಿ ಮಲಗಿದ. ತೊಡೆ ಎರಡೂ ನಡುಗುತ್ತಿದ್ದವು. ನಡುಗಿಕೊಳ್ಳಲಿ ಎಂದು ಬಿಟ್ಟ. ಅವುಗಳನ್ನು ಬಡಿಯಲು ಅವನ ಕೈಗೆ ಪುರುಸೊತ್ತಿರಲಿಲ್ಲ.

ದೊಡ್ಡ ಪೈಲ್ವಾನ ಅವನನ್ನು ಎಡಕ್ಕೆ ಮಗುಚಲು ನೋಡಿದ. ಬಲಕ್ಕೆ ಮಗುಚಲು ನೋಡಿದ. ಹಾಲಿನವನು ಹೆಂಚಿಗೆ ಸೀದು ಹತ್ತಿದ ರೊಟ್ಟಿಯಂತೆ ಮಣ್ಣಿಗೆ ಅಂಟಿಕೊಂಡಿದ್ದ. ಎರಡು ಸಲ ಒಂದು ಭುಜ ಮಣ್ಣಿಗೆ ತಾಗಿತು. ಇನ್ನೊಂದನ್ನು ತಾಗಗೊಡಲಿಲ್ಲ. ನೋಡಲು ಚೆನ್ನಾಗಿದ್ದ ಕುಸ್ತಿಯಲ್ಲ. ಜನ ಆಕಳಿಸಿದರು.

ಇಪ್ಪತ್ತು ನಿಮಿಷ ಮುಗಿಯಿತು. ತೀರ್ಪುಗಾರ ಇಬ್ಬರ ಕೈಯನ್ನೂ ಎತ್ತಿ ಸಮ ಎಂದ.

ಗರಡಿಯವರು ಮಟ್ಟಿಗೆ ನುಗ್ಗಿ ಹಾಲಿನವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊತ್ತವರಲ್ಲಿ ಒಬ್ಬ ಕೇಳಿದ, “ಲೋ, ಇನ್ನೂ ನಡುಗ್ತಿದ್ದೀಯಲ್ಲೋ! ಮುಗೀತಲ್ಲ!”

“ಮುಗಿದದ್ದು ತೊಡೆಗಿನ್ನೂ ಗೊತ್ತಿಲ್ಲ. ನೀನು ಬೀಳಿಸಬೇಡ,” ಎಂದ ಹಾಲಿನವನು.

ಆಮೇಲೆ ಇಬ್ಬರೂ ಪೈಲ್ವಾನರು ನೀರಿನ ತೊಟ್ಟಿಯ ಬಳಿ ಮಣ್ಣು ತೊಳೆದುಕೊಳ್ಳುತ್ತಿದ್ದರು. ಹಾಲಿನವನು ಸಂಕೋಚ ಬಿಟ್ಟು ಕೇಳಿದ.

“ಅಣ್ಣಾ, ತಪ್ಪು ತಿಳೀಬೇಡಿ. ನಿಮ್ಮ ಕೈ ಯಾಕೆ ಅಷ್ಟು ಒದ್ದೆಯಾಗಿತ್ತು?”

“ಹದಿನೇಳು ವರ್ಷದಿಂದ ಒದ್ದೆಯಾಗ್ತಿದೆ. ಅದಕ್ಕೇ ಹಿಡಿಯೋ ಮುಂಚೆ ಎರಡು ಹಿಡಿ ಮಣ್ಣು ಜಾಸ್ತಿ ಉಜ್ಜಿಕೊಳ್ತೀನಿ.”

“ಅದಕ್ಕೆ ಮದ್ದು ಮಾಡಿಸಲಿಲ್ವಾ?”

ದೊಡ್ಡ ಪೈಲ್ವಾನ ಅವನನ್ನು ವಿಚಿತ್ರವಾಗಿ ನೋಡಿದ. “ಮಟ್ಟಿ ತುಂಬ ಮಣ್ಣಿರುತ್ತಲ್ಲಪ್ಪಾ.”

ಸ್ವಲ್ಪ ಹೊತ್ತು ಮುಖ ತೊಳೆದುಕೊಂಡು, ಅವನೇ ಮತ್ತೆ ಹೇಳಿದ. “ನೀನು ಜೋಡಿ ಕಟ್ಟುವ ದಿನ ತೊಡೆ ತಟ್ಟಿದ್ದು ನೋಡಿ ನನಗೆ ಎಂಟು ದಿನ ಊಟ ಸೇರಲಿಲ್ಲ. ಇವತ್ತು ನೀನು ಮೈಮರೆತು ನಗುತ್ತಾ ಬಂದೆಯಲ್ಲ, ಆಗ ಸಮಾಧಾನವಾಯಿತು.”

ಉಸ್ತಾದರು ಕತೆ ನಿಲ್ಲಿಸಿ ಮಜ್ಜಿಗೆಯ ಪಾತ್ರೆ ಕೆಳಗಿಟ್ಟರು.

ಕೆಂಡಗಣ್ಣ ಯೋಚಿಸಿ ಕೇಳಿದ, “ಅಂದರೆ ಆ ದಿನ ಅಲ್ಲಿ ಎದೆ ತಣ್ಣಗಿದ್ದವರು, ಕಾಲು ನಡುಗದವರು ಒಬ್ಬರೂ ಇರಲಿಲ್ಲವೇ?”

“ಎರಡು ಸಾವಿರ ಜನ ಇದ್ದರು, ಎಲ್ಲರೂ ಟಿಕೆಟ್ ಕೊಂಡು ಕೂತಿದ್ದರು,” ಎಂದರು ಉಸ್ತಾದರು.